ಏಳನೇ ನಿಯಮ ಮತ್ತು ಲೇಡೀಸ್ ಡಬ್ಬಿ

ನಮ್ಮ ಪ್ರೋಗ್ರಾಮಿಂಗ್ ಮೇಡಂ ಮೊದಲ ದಿನ ಕ್ಲಾಸಿಗೆ ಬಂದವರೇ ಹೆಸರು ಹೇಳಲಿಲ್ಲ, ಹಾಜರಿ ಕರೆಯಲಿಲ್ಲ, ಎಲ್ಲರ ಕೈಗೂ ಒಂದೊಂದು ಸೈಕ್ಲೋಸ್ಟೈಲ್ ಹಾಳೆ ಕೊಟ್ಟರು. ಶಾಯಿ ಇನ್ನೂ ಪೂರ್ತಿ ಒಣಗಿರಲಿಲ್ಲ. ಮಳೆಗಾಲವಾದ್ದರಿಂದ ಒಣಗುವ ಲಕ್ಷಣವೂ ಇರಲಿಲ್ಲ. ಹಾಳೆಯ ತಲೆಯಲ್ಲಿ ‘ಈ ಕೋರ್ಸಿನ ನಿಯಮಗಳು ಮತ್ತು ನಾನು ನಿಮ್ಮಿಂದ ನಿರೀಕ್ಷಿಸುವುದು’ ಎಂದಿತ್ತು. ಕೆಳಗೆ ಹನ್ನೊಂದು ನಿಯಮಗಳು.

ನಾನು ವಾಶಿಯ ಆ ಕಾಲೇಜಿನಲ್ಲಿ ಎರಡನೇ ವರ್ಷಕ್ಕೆ ಬಂದಿದ್ದೆ. ಅಲ್ಲಿಯವರೆಗೆ ಯಾವ ವಿಷಯದ ಯಾವ ಮೇಷ್ಟ್ರೂ ತಮ್ಮ ನಿಯಮಗಳನ್ನು ಬರೆದು ಕೊಟ್ಟಿರಲಿಲ್ಲ. ಪ್ರಾಕ್ಟಿಕಲ್ ಅಂದರೆ ಜರ್ನಲ್. ಜರ್ನಲ್ ಅಂದರೆ ಸೀನಿಯರ್ ಬರೆದದ್ದನ್ನು ಚೆಂದದ ಅಕ್ಷರದಲ್ಲಿ ಇಳಿಸಿಕೊಳ್ಳುವುದು. ಆ ಸೀನಿಯರ್ ಅದನ್ನು ತನ್ನ ಸೀನಿಯರಿನ ಜರ್ನಲ್ಲಿನಿಂದ ಇಳಿಸಿರುತ್ತಿದ್ದಳು. ಹೀಗೆ ಒಂದೇ ತಪ್ಪು ವರ್ಷದಿಂದ ವರ್ಷಕ್ಕೆ ಕೈ ಬದಲಾಯಿಸುತ್ತ ಬರುತ್ತಿತ್ತು. ಎಲ್ಲ ಜರ್ನಲ್ಲಿಗೂ ಸಹಿ ಬಿದ್ದರೆ ಟರ್ಮ್‌ವರ್ಕ್ ಮುಗಿಯಿತು; ಟರ್ಮ್‌ವರ್ಕ್ ಮುಗಿಯದಿದ್ದರೆ ಪರೀಕ್ಷೆಗೆ ಕೂರುವ ಹಾಗಿಲ್ಲ. ಹಾಗಾಗಿ ಸಹಿ ಬೇಕಿತ್ತೇ ಹೊರತು ಪ್ರಾಕ್ಟಿಕಲ್ ಯಾರಿಗೂ ಬೇಕಿರಲಿಲ್ಲ.

ಮೇಡಂನ ಹಾಳೆ ಇದನ್ನೆಲ್ಲ ಬುಡಮೇಲು ಮಾಡಿತು. ಪ್ರೋಗ್ರಾಮ್ ಅವರೆದುರೇ ಕಂಪ್ಯೂಟರಿನಲ್ಲಿ ಓಡಬೇಕು. ಓಡಿದ ಮೇಲೆ ಅವರು ಯಾವುದಾದರೂ ಒಂದನ್ನು ಬದಲಾಯಿಸಲು ಹೇಳುತ್ತಾರೆ. ಬದಲಾಯಿಸಲು ಬಾರದಿದ್ದರೆ ಆ ಪ್ರೋಗ್ರಾಮ್ ನಿಮ್ಮದಲ್ಲ. ಪುಸ್ತಕದಲ್ಲಿರುವ ಉದಾಹರಣೆ ಬೇಡ, ನೀವು ಕಣ್ಣಾರೆ ಕಂಡದ್ದರ ಮೇಲೆ ಬರೆಯಿರಿ. ಮೂರನೇ ನಿಯಮ ನನಗೆ ಎಲ್ಲಕ್ಕಿಂತ ಹಿಡಿಸಿತು: ಟರ್ಮಿನಲ್ಲಿ ಪ್ರತಿಯೊಬ್ಬರಿಗೂ ಎರಡು ‘ತಡದ ದಿನ’ಗಳಿವೆ. ಕೆಲಸ ತಡವಾಗಿ ಸಲ್ಲಿಸಲು ಬೇಕಾದಾಗ ಬಳಸಿಕೊಳ್ಳಬಹುದು, ಕಾರಣ ಕೇಳುವುದಿಲ್ಲ. ಏಳನೇ ನಿಯಮ ಹೀಗಿತ್ತು: ಎಷ್ಟು ಬೇಕಾದರೂ ಚರ್ಚೆ ಮಾಡಿ, ಆದರೆ ಬರೆದ ಕಾಗದವಾಗಲಿ ಫ್ಲಾಪಿಯಾಗಲಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗಬಾರದು. ಇಬ್ಬರ ಕೆಲಸ ಒಂದೇ ಆಗಿದ್ದರೆ ಇಬ್ಬರೂ ಸಲ್ಲಿಸಿಲ್ಲವೆಂದೇ ಲೆಕ್ಕ.

ಹಿಂದಿನ ಬೆಂಚಿನಿಂದ ಒಬ್ಬ, “ಯೇ ಕಾಲೇಜ್ ಹೈ ಕಿ ಜೇಲ್?” ಎಂದ.

ಮೇಡಂ ತಲೆ ಎತ್ತದೆ ಹಿಂದಿಯಲ್ಲೇ, “ಜೇಲಿನಲ್ಲಿ ಎರಡು ದಿನ ತಡವಾಗಿ ಬಂದರೆ ನಡೆಯುತ್ತದಾ?” ಎಂದರು. ಕ್ಲಾಸು ನಕ್ಕಿತು. ಅವರೂ ನಕ್ಕರು. ಅವರಿಗೆ ನಮಗಿಂತ ನಾಲ್ಕೈದು ವರ್ಷ ಹೆಚ್ಚಿರಬಹುದು ಅಷ್ಟೆ.

ಆ ಸಂಜೆ ನಾನು ಹನ್ನೊಂದು ನಿಯಮಗಳನ್ನೂ ಡೈರಿಗೆ ಇಳಿಸಿದೆ, ಪಕ್ಕದಲ್ಲಿ ತಡದ ದಿನಗಳಿಗೆಂದು ಎರಡು ಚೌಕ ಬರೆದೆ. ನಿಯಮಗಳೆಂದರೆ ನನಗೆ ಹೆದರಿಕೆಯಿಲ್ಲ, ಖುಷಿ. ಡೊಂಬಿವಲಿ ಸ್ಟೇಷನ್ನಿನ ಹತ್ತಿರ ಹೋಟೆಲೊಂದರಲ್ಲಿ ಮ್ಯಾನೇಜರಾಗಿದ್ದ ನನ್ನ ಅಪ್ಪನ ನಿಯಮಗಳು ಮಾತ್ರ ಯಾವತ್ತೂ ಬರೆದಿಟ್ಟವಾಗಿರಲಿಲ್ಲ, ಅವರ ಮುಖ ನೋಡಿ ಊಹಿಸಬೇಕಿತ್ತು. ಒಂದನ್ನು ಮಾತ್ರ ಅವರು ತುಳುವಿನಲ್ಲಿ ಬಿಡಿಸಿ ಹೇಳಿದ್ದರು: ಠಾಣೆ ದಾಟಿ ವಾಶಿಗೆ ಹೋಗಿ ಓದಲು ನನ್ನ ಅಡ್ಡಿಯಿಲ್ಲ, ಆದರೆ ಒಂದು ವರ್ಷ ಕೆಟ್ಟರೆ ಮರುವರ್ಷ ಡೊಂಬಿವಲಿಯಲ್ಲೇ ಕಾಮರ್ಸ್.

ನನ್ನ ಜೊತೆಗಾತಿ ಠಾಕುರ್ಲಿಯವಳು. ಅವಳ ಅಪ್ಪ ಕಲಬುರಗಿ ಕಡೆಯಿಂದ ಬಂದು ವಾಶಿ ಮಾರ್ಕೆಟಿನಲ್ಲಿ ಹಮಾಲರಾಗಿ ಸೇರಿ ಆಮೇಲೆ ಅಲ್ಲೇ ಹಮಾಲರ ಗುಂಪು ನಡೆಸುವ ಮುಕಾದಮರಾಗಿದ್ದರು. ಕಾಲೇಜಿನಲ್ಲಿ ನಾವು ಹಿಂದಿ ಮಾತಾಡುತ್ತಿದ್ದೆವು. ನಾವಿಬ್ಬರೂ ಕನ್ನಡದವರೆಂದು ಗೊತ್ತಾದದ್ದೇ ಮೊದಲ ವರ್ಷ ಮುಗಿಯುವ ಹೊತ್ತಿಗೆ, ರೈಲಿನಲ್ಲಿ ಯಾರೋ ಅವಳ ಕಾಲು ತುಳಿದಾಗ. ಅವಳ ಬಾಯಿಂದ “ಯವ್ವಾ, ಸತ್ತೆನಲ್ಲೇ!” ಎಂದು ಬಂತು. ನಾನು “ಕನ್ನಡವಾ ನೀನು?” ಎಂದೆ. ಅವಳು ಕಾಲು ಹಿಡಿದುಕೊಂಡೇ, “ಮತ್ತೇನು ಇಂಗ್ಲಿಷಿನಾಗ ಅಳ್ಲೇನು?” ಎಂದಳು. ಅವತ್ತಿನಿಂದ ಜೋಡಿಯಾದೆವು. ನನ್ನ ‘ಉಂಟು’ ಕೇಳಿ ಅವಳಿಗೆ ನಗು, ಅವಳ ‘ಅದ’ ಕೇಳಿ ನನಗೆ.

ದಿನಾ ಅವಳು ಠಾಕುರ್ಲಿಯಲ್ಲಿ ಹತ್ತುತ್ತಿದ್ದಳು, ಮುಂದಿನ ಸ್ಟೇಷನ್ನಿನಲ್ಲಿ ನಾನು. ಠಾಣೆಯವರೆಗೆ ಸ್ಲೋ ಲೋಕಲ್, ಅಲ್ಲಿಂದ ವಾಶಿಗೆ ಬಸ್ಸು. ಮನೆಯಲ್ಲಿ ಇಬ್ಬರಿಗೂ ಕಂಪ್ಯೂಟರ್ ಇರಲಿಲ್ಲ. ಆಗ ನಮ್ಮ ಕ್ಲಾಸಿನಲ್ಲಿ ಯಾರ ಮನೆಯಲ್ಲೂ ಇರಲಿಲ್ಲ ಅನ್ನಿಸುತ್ತದೆ. ಲ್ಯಾಬಿನಲ್ಲಿ ವಾರಕ್ಕೊಮ್ಮೆ ಸರದಿ, ಚಪ್ಪಲಿ ಹೊರಗೆ ಬಿಟ್ಟು, ಎ.ಸಿ.ಯ ಚಳಿಯಲ್ಲಿ ಬರಿಗಾಲು ಮಡಚಿ ಕೂರಬೇಕು. ಆ ಹೊತ್ತಿಗೆ ಪ್ರೋಗ್ರಾಮ್ ತಲೆಯಲ್ಲಿ ಪೂರ್ತಿ ತಯಾರಾಗಿರದಿದ್ದರೆ ಸರದಿ ಹಾಳು. ಹಾಗಾಗಿ ನಮ್ಮ ನಿಜವಾದ ಲ್ಯಾಬು ಲೋಕಲ್ ರೈಲಿನ ಲೇಡೀಸ್ ಡಬ್ಬಿಯೇ.

ಆಗಸ್ಟಿನಲ್ಲಿ ಮೇಡಂ ಹೊಸ ಪಾಠ ಶುರು ಮಾಡಿದರು. ಒಂದು ವಿಚಿತ್ರವಾದ ಸಾಲು. ಇಡೀ ಸಾಲು ಎಲ್ಲೂ ಬರೆದಿಟ್ಟಿರುವುದಿಲ್ಲ. ಸಾಲಿನಲ್ಲಿರುವ ಪ್ರತಿಯೊಬ್ಬರಿಗೂ ತನ್ನ ನಂತರ ಯಾರು ಎಂಬುದಷ್ಟೇ ಗೊತ್ತು. ಮೊದಲನೆಯವಳನ್ನು ಹಿಡಿದರೆ ಅವಳಿಂದ ಎರಡನೆಯವಳು, ಅವಳಿಂದ ಮೂರನೆಯವಳು, ಹೀಗೆ ಕೊನೆಯವರೆಗೆ ಹೋಗಬಹುದು. “ಇಂಥ ಸಾಲನ್ನು ನಿಮ್ಮ ಸುತ್ತಮುತ್ತ ಹುಡುಕಿ ಪ್ರೋಗ್ರಾಮ್ ಬರೆಯಿರಿ. ರೇಷನ್ ಅಂಗಡಿ ಕ್ಯೂ ಬೇಡ, ಅದರಲ್ಲಿ ಎಲ್ಲರೂ ಎಲ್ಲರಿಗೂ ಕಾಣಿಸುತ್ತಾರೆ,” ಎಂದರು.

ಮರುದಿನ ಬೆಳಿಗ್ಗೆ ದಿವಾ ದಾಟುವಾಗ ಜೊತೆಗಾತಿ ನನ್ನ ತೋಳು ಚಿವುಟಿದಳು.

“ಏ, ಆ ಮೂಲಿ ಸೀಟು ನೋಡು.”

ಮೂಲೆ ಸೀಟಿನಲ್ಲಿ ಕೂತಿದ್ದ ಹೆಂಗಸನ್ನು ನಿಂತವಳೊಬ್ಬಳು, “ಕಿಧರ್ ಉತರೇಗಾ?” ಎಂದು ಇಳಿಯುವ ಸ್ಟೇಷನ್ ಕೇಳಿದಳು. “ಠಾಣಾ.” “ಫಿರ್ ಮೈ ಬೈಠೂಂಗೀ, ಹಾಂ?” ಕೂತವಳು ತಲೆಯಾಡಿಸಿದಳು. ಆ ಸೀಟು ಠಾಣೆಯಿಂದ ನಿಂತವಳಿಗೆ ಬುಕ್ ಆಯಿತು. ಅಷ್ಟರಲ್ಲಿ ಇನ್ನೊಬ್ಬಳು ಬಂದು ಮೂಲೆಯವಳನ್ನು ಕೇಳಿದಳು. ಅವಳು ಬುಕ್ ಮಾಡಿದವಳ ಕಡೆ ಗದ್ದ ಎತ್ತಿ ತೋರಿಸಿದಳು. ಹೊಸಬಳು ಅವಳ ಹತ್ತಿರ ಹೋಗಿ, “ಆಪ್ ಕಹಾಂ ತಕ್? ಘಾಟ್ಕೋಪರ್? ತೋ ಆಪ್ ಕೆ ಬಾದ್ ಮೈ,” ಎಂದು ಅವಳ ನಂತರದ ಸರದಿ ಹಿಡಿದಳು. ಅವಳ ಹಿಂದೆ ಮೂರನೆಯವಳೊಬ್ಬಳು. ಲೇಡೀಸ್ ಡಬ್ಬಿಯಲ್ಲಿ ಇದು ದಿನಾ ನಡೆಯುವ ಪದ್ಧತಿ. ಯಾರೂ ಬರೆದಿಡುವುದಿಲ್ಲ, ಯಾರಿಗೂ ಇಡೀ ಸಾಲು ಗೊತ್ತಿಲ್ಲ, ಆದರೂ ಯಾವ ಸ್ಟೇಷನ್ನಿನಲ್ಲಿ ಯಾರು ಕೂರಬೇಕೆಂಬುದು ನಿಖರ. ನಾವು ಮಾತ್ರ ಆ ಸಾಲಿಗೆ ಸೇರುವಂತಿರಲಿಲ್ಲ. ಸೀಟುಗಳು ತೆರವಾಗುವುದೇ ಠಾಣೆಯಲ್ಲಿ, ಅಲ್ಲಿ ನಾವೂ ಇಳಿಯಬೇಕು.

“ಮೇಡಂ ಹೇಳಿದ್ದು ಇದೇ ಅದ!” ಎಂದಳು ಅವಳು.

“ಮಾರಾಯ್ತಿ!” ಎಂದೆ. ದಿನಾ ಕಣ್ಣೆದುರು ಇದ್ದದ್ದು ಒಮ್ಮೆಲೇ ಮೇಡಂ ಬೋರ್ಡಿನ ಮೇಲೆ ಒಬ್ಬರಿಂದ ಒಬ್ಬರಿಗೆ ಎಳೆದಿದ್ದ ಬಾಣಗಳಾಗಿ ಕಾಣತೊಡಗಿತು. ಯಾರು ಯಾರಿಗೆ ಗದ್ದ ತೋರಿಸಿದರೂ ನನಗೊಂದು ಬಾಣ.

ಅಲ್ಲಿಂದ ಶುರು. ಏಳನೇ ನಿಯಮ ನಮಗೆ ಚೆನ್ನಾಗಿ ನೆನಪಿತ್ತು: ಚರ್ಚೆ ಮಾಡಬಹುದು, ಕಾಗದ ಕೈ ಬದಲಾಯಿಸಬಾರದು. ನಾವು ಪೆನ್ನನ್ನೇ ಹೊರತೆಗೆಯಲಿಲ್ಲ. ಆ ನೂಕುನುಗ್ಗಲಿನಲ್ಲಿ ಕೈ ಎತ್ತಿದರೆ ಇಳಿಸಲು ಜಾಗವಿಲ್ಲ, ಬರೆಯುವುದೆಲ್ಲಿ ಬಂತು? ಎಲ್ಲವನ್ನೂ ಬಾಯಲ್ಲೇ ಮಾಡಿದೆವು. ಕೂತವಳಿಗೆ ‘ಅಕ್ಕ’ ಎಂದು ಹೆಸರಿಟ್ಟೆವು. ಅವಳ ನಂತರದವಳು ‘ಮುಂದಿನ’.

“ಅಕ್ಕನಿಂದ ಶುರು.”

“ಅಕ್ಕಗ ಮುಂದಿನಾಕಿ ಇಲ್ಲಂದ್ರ ಹೊಸಾಕಿನ್ನ ಅಲ್ಲೇ ನಿಲ್ಸು.”

“ಇದ್ದರೆ?”

“ಇದ್ರ ಆಕಿನ್ನ ಕೇಳು, ನಿನ್ನ ಮುಂದ ಯಾರವಾ ಅಂತ.”

“ಯಾರೂ ಇಲ್ಲ ಅನ್ನುವವರೆಗೆ ಕೇಳುತ್ತ ಹೋಗಬೇಕು, ಆಯ್ತಾ.”

ಇದನ್ನು ಕಂಪ್ಯೂಟರಿನ ಸಿ ಭಾಷೆಗೆ ತಂದೆವು. ಮನೆಗೆ ಹೋಗುವಷ್ಟರಲ್ಲಿ ಮರೆತುಹೋಗಬಾರದಲ್ಲ, ಹಾಗಾಗಿ ಮಗ್ಗಿಯ ಹಾಗೆ ಹೇಳಿ ಹೇಳಿ ಗಟ್ಟಿ ಮಾಡಿಕೊಂಡೆವು. ಅವಳೊಂದು ಸಾಲು, ನಾನೊಂದು ಸಾಲು. ಆಮೇಲೆ ಇಬ್ಬರೂ ಒಟ್ಟಿಗೆ, ಸೆಮಿಕೋಲನ್ ಸಮೇತ. ಮುಂಬ್ರಾದಲ್ಲಿ ಜನ ನುಗ್ಗುವಾಗ ಉಸಿರು ಕಟ್ಟಿ ನಿಲ್ಲಿಸುತ್ತಿದ್ದೆವು, ರೈಲು ಹೊರಟ ಮೇಲೆ ಮುಂದಿನ ಸಾಲು. ಒಂದು ವಾರ ಹೀಗೆ ನಡೆಯಿತು. ಪಕ್ಕದಲ್ಲಿ ನಿಲ್ಲುತ್ತಿದ್ದ ಆಫೀಸಿನ ಹೆಂಗಸೊಬ್ಬಳು, “ಕೌನ್ಸಾ ಸ್ತೋತ್ರ ಹೈ?” ಎಂದು ಭಕ್ತಿಯಿಂದ ಕೇಳಿದಳು.

ಲ್ಯಾಬಿನಲ್ಲಿ ಇಬ್ಬರದೂ ಓಡಿತು. ಬೇರೆ ಬೇರೆ ಕಂಪ್ಯೂಟರ್, ಬೇರೆ ಬೇರೆ ಫ್ಲಾಪಿ. ಪ್ರಿಂಟ್ ತೆಗೆದು ಮೇಡಂನ ಮೇಜಿನ ಮೇಲಿಟ್ಟೆವು; ಅವರೆದುರು ಓಡಿಸಿ ತೋರಿಸುವ ಸರದಿ ಇನ್ನೂ ಬರಬೇಕಿತ್ತು. ಅವತ್ತಿನ ಡೈರಿಯಲ್ಲಿ ನಾನು ಆ ದಿನಕ್ಕೆ ಹತ್ತಕ್ಕೆ ಹತ್ತು ಅಂಕ ಕೊಟ್ಟಿದ್ದೇನೆ.

ಮೂರನೇ ದಿನ ಮೇಡಂ ಇಬ್ಬರನ್ನೂ ಕರೆದರು. ನಾವು ಖುಷಿಯಿಂದಲೇ ಹೋದೆವು. ಅವರು ನಮ್ಮಿಬ್ಬರ ಪ್ರಿಂಟುಗಳನ್ನು ಒಂದರ ಮೇಲೊಂದು ಇಟ್ಟು ಕಿಟಕಿಯ ಬೆಳಕಿಗೆ ಹಿಡಿದರು. ಅಕ್ಷರದ ಮೇಲೆ ಅಕ್ಷರ ಕೂತಿತ್ತು. ಎರಡು ಹಾಳೆಯೆಂದೇ ಗೊತ್ತಾಗುತ್ತಿರಲಿಲ್ಲ.

“ಖಾಲಿ ಬಿಟ್ಟ ಸಾಲೂ ಒಂದೇ ಕಡೆ. ಇಲ್ಲಿ ಯಾಕೆ ಖಾಲಿ ಬಿಟ್ಟಿದ್ದೀರಿ?”

ನಾವು ಮುಖ ಮುಖ ನೋಡಿಕೊಂಡೆವು. ಅದು ಮುಂಬ್ರಾ.

“ಯಾರು ಬರೆದದ್ದು, ಯಾರು ಇಳಿಸಿದ್ದು?”

“ಯಾರೂ ಇಳಿಸಿಲ್ಲ ಮೇಡಂ,” ಎಂದೆ. “ಕಾಗದ ಕೊಟ್ಟಿಲ್ಲ, ಫ್ಲಾಪಿ ಕೊಟ್ಟಿಲ್ಲ. ಏಳನೇ ನಿಯಮ ಮುರಿದಿಲ್ಲ.”

“ಮತ್ತೆ ಇದು ಹೇಗೆ?”

“ಬಾಯಿಪಾಠ ಮಾಡಿದ್ದೇವೆ.”

“ಪ್ರೋಗ್ರಾಮನ್ನು?”

ನಂಬಿಕೆ ಬರಲೆಂದು ಜೊತೆಗಾತಿ ಅಲ್ಲೇ ಕೈ ಕಟ್ಟಿ ನಿಂತು ಮೊದಲ ಸಾಲಿನಿಂದ ಶುರು ಮಾಡಿಬಿಟ್ಟಳು. ಬ್ರಾಕೆಟ್ಟು, ಸೆಮಿಕೋಲನ್ನು, ಎಲ್ಲ. ಖಾಲಿ ಸಾಲಿನ ಹತ್ತಿರ ಬಂದಾಗ ಉಸಿರು ಎಳೆದುಕೊಂಡಳು. ಮೇಡಂ ಕೈ ಎತ್ತಿ, “ಬಸ್, ಬಸ್,” ಎಂದರು. ಅವರ ತುಟಿ ನಡುಗುತ್ತಿತ್ತು. ಸಿಟ್ಟೋ ನಗುವೋ ನನಗೆ ತಿಳಿಯಲಿಲ್ಲ.

ಆಮೇಲೆ ನಿಧಾನವಾಗಿ ಹೇಳಿದರು. “ಕಾಗದ ಕೈ ಬದಲಾಯಿಸಬಾರದು ಎಂದು ನಾನು ಬರೆದದ್ದು ಯಾಕೆ? ಬರೆಯುವಾಗ ತಲೆಯೊಳಗೆ ನೀವೊಬ್ಬರೇ ಇರಬೇಕು ಅಂತ. ನೀವು ಕಾಗದದ ಬದಲು ಬಾಯಿ ಬಳಸಿದ್ದೀರಿ. ಹೇಳು ನೋಡೋಣ, ಇದರಲ್ಲಿ ನಿನ್ನ ಸಾಲು ಯಾವುದು?”

ನಾನು ಹಾಳೆ ನೋಡಿದೆ. ‘ಅಕ್ಕ’ ಎಂಬ ಹೆಸರು ನನ್ನದು ಎಂದುಕೊಂಡಿದ್ದೆ, ಅವಳದೂ ಇರಬಹುದು. ಒಂದು ಸಾಲಿನ ಮೇಲೂ ಬೆರಳಿಟ್ಟು ಇದು ನನ್ನದು ಎನ್ನಲು ಬರಲಿಲ್ಲ.

“ನಿಯಮದ ಪ್ರಕಾರ ಇಬ್ಬರೂ ಸಲ್ಲಿಸಿಲ್ಲ,” ಎಂದರು ಮೇಡಂ. ಒಂದು ಪ್ರಾಕ್ಟಿಕಲ್ ಕಡಿಮೆಯಾದರೆ ಟರ್ಮ್‌ವರ್ಕ್ ಇಲ್ಲ. ಟರ್ಮ್‌ವರ್ಕ್ ಇಲ್ಲದಿದ್ದರೆ ಪರೀಕ್ಷೆ ಇಲ್ಲ. ಇಬ್ಬರ ವರ್ಷವೂ ಆ ಎರಡು ಹಾಳೆಗಳ ಮೇಲೆ ನಿಂತಿತ್ತು. ಕಾಮರ್ಸಿನ ದಪ್ಪ ಪುಸ್ತಕಗಳು ನನ್ನ ಕಣ್ಣ ಮುಂದೆ ಬಂದವು.

ನಿಯಮಗಳನ್ನು ಡೈರಿಗೆ ಇಳಿಸಿದ್ದರ ಪ್ರಯೋಜನವೋ ಏನೋ, ಹನ್ನೊಂದೂ ನನ್ನ ನಾಲಿಗೆ ತುದಿಯಲ್ಲಿದ್ದವು. “ಮೇಡಂ,” ಎಂದೆ, “ಸಲ್ಲಿಸಿಲ್ಲ ಅಂದರೆ ತಡವಾಗಿದೆ ಅಂತಲೇ ಅರ್ಥ ಅಲ್ಲವಾ? ತಡವಾದರೆ ಮೂರನೇ ನಿಯಮ ಉಂಟು. ಎರಡು ತಡದ ದಿನ. ಕಾರಣ ಕೇಳುವುದಿಲ್ಲ ಅಂತ ನೀವೇ ಬರೆದಿದ್ದೀರಿ.”

ಜೊತೆಗಾತಿ ನನ್ನನ್ನು ಬೆರಗಿನಿಂದ ನೋಡಿದಳು. ಮೇಡಂ ತಾವೇ ಬರೆದ ಹಾಳೆಯನ್ನು ಡ್ರಾಯರಿನಿಂದ ತೆಗೆದು ಓದಿದರು. ಇನ್ನೊಮ್ಮೆ ಓದಿದರು. “ನೀನು ಲಾ ಕಾಲೇಜಿಗೆ ಹೋಗಬೇಕಿತ್ತು,” ಎಂದು ಮರಾಠಿಯಲ್ಲಿ ಗೊಣಗಿದರು. ನಂತರ ಕೇಳಿದರು, “ಎಷ್ಟು ತಡದ ದಿನ ಉಳಿದಿವೆ?”

ನನ್ನವು ಎರಡೂ ಇದ್ದವು. ಜೊತೆಗಾತಿ ಒಂದನ್ನು ಜುಲೈಯಲ್ಲೇ, ಹಳಿಯ ಮೇಲೆ ನೀರು ನಿಂತ ದಿನ, ಕಳೆದಿದ್ದಳು. ಅವಳಿಗೆ ಉಳಿದದ್ದು ಒಂದೇ.

“ಹಾಗಾದರೆ ಇಬ್ಬರಿಗೂ ಒಂದೇ ದಿನ. ನಾಳೆ ಮಧ್ಯಾಹ್ನ, ಒಬ್ಬೊಬ್ಬರೇ, ನನ್ನೆದುರು ಬರೆಯಬೇಕು. ಸೀಟು ಬುಕ್ ಮಾಡಿದವರಲ್ಲಿ ಮಧ್ಯದವಳೊಬ್ಬಳು ಬೇಡವೆಂದು ಹೊರಟು ಹೋದಳು ಅಂತಿಟ್ಟುಕೊಳ್ಳಿ. ಸಾಲು ತುಂಡಾಗಬಾರದು. ಅಲ್ಲಿಯವರೆಗೆ ಇದರ ಬಗ್ಗೆ ಇಬ್ಬರೂ ಒಂದಕ್ಷರ ಮಾತಾಡಕೂಡದು.”

“ಬೇರೆ ಮಾತು ಆಡಬಹುದಾ ಮೇಡಂ?” ಜೊತೆಗಾತಿ ಕೇಳಿದಳು.

“ನಿಮ್ಮಿಬ್ಬರಿಂದ ಅದು ಆಗುತ್ತದಾ?”

ಆಗುವುದಿಲ್ಲ ಎಂದು ನಮಗೂ ಗೊತ್ತಿತ್ತು. ಸಂಜೆ ಬಸ್ಸಿನಲ್ಲಿ ನಾನು ಡ್ರೈವರಿನ ಹಿಂದೆ ಕೂತೆ, ಅವಳು ಕೊನೆಯ ಸೀಟಿಗೆ ಹೋದಳು. ದಿನಾ ನಮ್ಮ ಗಲಾಟೆ ಕೇಳುತ್ತಿದ್ದ ಕಂಡಕ್ಟರ್ ಟಿಕೆಟ್ ಹರಿಯುತ್ತ, “ಕಾಯ್ ಗ, ಭಾಂಡಣ್ ಝಾಲಂ ಕಾ?” ಎಂದು ಕೇಳಿದ. ಜಗಳ ಆಗಿಲ್ಲ ಎಂದೆ. “ಮಗ್?” ಎಂದ, ಮತ್ತೇನು ಎಂಬಂತೆ. “ಪರೀಕ್ಷಾ,” ಎಂದೆ. ಅವನು ಹಿಂದಕ್ಕೆ ಹೋಗಿ ಅವಳನ್ನೂ ಕೇಳಿದ. “ಪರೀಕ್ಷಾ!” ಎಂದು ಅವಳು ಅಲ್ಲಿಂದಲೇ ಕೂಗಿದ್ದು ನನಗೆ ಕೇಳಿಸಿತು. “ಉತ್ತರ ಮಾತ್ರ ಇಬ್ಬರದೂ ಒಂದೇ,” ಎಂದು ಕಂಡಕ್ಟರ್ ಯಾರಿಗೋ ಹೇಳಿ ನಕ್ಕ. ನನಗೆ ನಗು ಬರಲಿಲ್ಲ.

ಮನೆಯಲ್ಲಿ ಊಟಕ್ಕೆ ಮುಂಚೆ ಕೂತು ಬರೆದೆ. ಹೋಗುವವಳನ್ನು ಸಾಲಿನಿಂದ ಅಳಿಸಿದೆ. ಅಳಿಸಿದೊಡನೆ ಅವಳ ನಂತರದವರೆಲ್ಲ ಮಾಯ. ಕಾಗದದ ಮೇಲೆ ಬೆರಳಿಟ್ಟು ಎಷ್ಟು ಸಲ ಓಡಿಸಿದರೂ ಅಷ್ಟೇ. ಪ್ರತಿ ಸಲ ಬಾಯಿ ತಾನಾಗಿ ಅರ್ಧ ಸಾಲು ಹೇಳಿ, ಉಳಿದರ್ಧವನ್ನು ಪಕ್ಕದಿಂದ ಯಾರಾದರೂ ಹೇಳಲಿ ಎಂದು ಕಾಯುತ್ತಿತ್ತು. ಪಕ್ಕದಲ್ಲಿ ಯಾರೂ ಇರಲಿಲ್ಲ. ಅಪ್ಪ ಕೆಲಸದಿಂದ ಬಂದು, “ಎಂತದು, ಇವತ್ತು ಮಾತೇ ಇಲ್ಲ?” ಎಂದರು. “ನಾಳೆ ಹೇಳುತ್ತೇನೆ,” ಎಂದೆ. ಅಪ್ಪ ನನ್ನ ಮುಖ ನೋಡಿದರು, ಮತ್ತೆ ಕೇಳಲಿಲ್ಲ.

ಬೆಳಿಗ್ಗೆ ನಾನು ಬೇಕೆಂದೇ ಹಿಂದಿನ ಲೇಡೀಸ್ ಡಬ್ಬಿಗೆ ಹತ್ತಿದೆ. ಮುಂದಿನ ಡಬ್ಬಿಯ ಬಾಗಿಲಲ್ಲಿ ಅವಳ ಹಳದಿ ಓಢಣಿ ಕಂಡು ತಕ್ಷಣ ಮುಖ ತಿರುಗಿಸಿದೆ. ಅಪರಿಚಿತ ಮುಖಗಳ ನಡುವೆ ಸಿಕ್ಕಿಕೊಂಡು, ಕಂಬಿ ಹಿಡಿದು ನಿಂತೆ. ಕೋಪರ್ ದಾಟಿತು, ದಿವಾ ದಾಟಿತು, ನನ್ನ ತಲೆಯಲ್ಲಿ ಏನೂ ಇಲ್ಲ. ಕಿಟಕಿಯ ಹತ್ತಿರದ ಸೀಟಿಗೆ ಎಂದಿನಂತೆ ಬುಕಿಂಗ್ ಆಗಿತ್ತು. ಕೂತವಳ ನಂತರ ನೀಲಿ ಸೀರೆಯವಳು, ಅವಳ ನಂತರ ಟಿಫಿನ್ ಚೀಲದವಳು, ಅವಳ ನಂತರ ಒಬ್ಬ ನರ್ಸ್. ಮುಂಬ್ರಾದಲ್ಲಿ ಆ ಕಡೆಯ ಸೀಟಿನಲ್ಲಿದ್ದವಳೊಬ್ಬಳು ಇದ್ದಕ್ಕಿದ್ದಂತೆ ಎದ್ದು ಇಳಿದಳು. ನೀಲಿ ಸೀರೆಯವಳು ಹಿಂದೆ ಮುಂದೆ ನೋಡದೆ ಹಾರಿ ಹೋಗಿ ಅಲ್ಲಿ ಕೂತುಬಿಟ್ಟಳು.

ಠಾಣೆ ಹತ್ತಿರವಾಯಿತು. ಕೂತವಳು ಇಳಿಯಲು ಎದ್ದು ನೀಲಿ ಸೀರೆಗಾಗಿ ಹುಡುಕಿದಳು. ಇಲ್ಲ. ಆಗಷ್ಟೇ ಬಂದಿದ್ದ ಗಟ್ಟಿಗಿತ್ತಿಯೊಬ್ಬಳು ಚೀಲ ಇಟ್ಟೇಬಿಟ್ಟಳು.

“ಓ ಬಾಯಿ! ಮೇರಾ ನಂಬರ್ ಹೈ!” ಟಿಫಿನ್ ಚೀಲದವಳು ಕೂಗಿದಳು.

“ಕಿಸ್ನೇ ಬೋಲಾ? ಇನ್ಕೋ ಪೂಛೋ.”

ಇಳಿಯುತ್ತಿದ್ದವಳು ನೀಲಿ ಸೀರೆಯವಳ ಹೊರತು ತನಗೆ ಯಾರೂ ಗೊತ್ತಿಲ್ಲವೆಂದು ಕೈ ಬೀಸಿದಳು: “ಮೇರೆ ಕೋ ಸಿರ್ಫ್ ನೀಲೀವಾಲೀ ಮಾಲೂಮ್!”

“ನೀಲೀವಾಲೀ ಕೆ ಬಾದ್ ಮೈ! ಮೇರೆ ಬಾದ್ ಸಿಸ್ಟರ್!”

“ತೋ ಜಾ ಕೆ ನೀಲೀವಾಲೀ ಕೆ ಪಾಸ್ ಬೈಠೋ,” ಎಂದಳು ಗಟ್ಟಿಗಿತ್ತಿ, ಆರಾಮವಾಗಿ ಕೂತು.

ನರ್ಸ್ ಆ ಕಡೆಯ ಸೀಟಿಗೆ ತಿರುಗಿ ನೀಲಿ ಸೀರೆಯವಳಿಗೆ ಗದರಿಸಿದಳು: ಹೋಗುವುದಾದರೆ ಹೋಗು, ಆದರೆ ನಿನ್ನ ನಂತರ ಯಾರಿದ್ದಾರೆಂದು ನಿನಗಿಂತ ಮೊದಲಿನವಳಿಗೆ ಹೇಳಿ ಹೋಗಬಾರದಿತ್ತಾ? ನೀಲಿ ಸೀರೆಯವಳು, “ಅರೇ, ಸೀಟ್ ಛೂಟ್ ಜಾತೀ ನಾ,” ಎಂದಳು, ಹೇಳುತ್ತ ನಿಂತರೆ ಸೀಟು ತಪ್ಪುತ್ತಿತ್ತೆಂಬಂತೆ. ಡಬ್ಬಿಯ ಅರ್ಧ ಜನ ಅವಳ ಕಡೆ, ಅರ್ಧ ಜನ ಇವಳ ಕಡೆ. ನಾನು ಬಾಗಿಲಿನ ಹತ್ತಿರ ಕಲ್ಲಿನಂತೆ ನಿಂತಿದ್ದೆ. ಇಳಿಯುವವರು ತಳ್ಳುತ್ತಿದ್ದರು, ಹತ್ತುವವರು ಬಯ್ಯುತ್ತಿದ್ದರು.

ನಾನು ರಾತ್ರಿ ಕಾಗದದ ಮೇಲೆ ಮಾಡಿದ್ದೂ ಇದೇ! ಹೋಗುವವಳನ್ನು ಮೊದಲು ಕಳಿಸಿಬಿಟ್ಟಿದ್ದೆ. ಅವಳ ನಂತರ ಯಾರಿದ್ದಾರೆಂಬುದು ಅವಳೊಬ್ಬಳಿಗೇ ಗೊತ್ತು, ಅವಳು ಹೋದರೆ ಆ ಸುದ್ದಿಯೂ ಹೋಯಿತು. ಮೊದಲು ಅವಳಿಂದ ಕೇಳಿಕೊಳ್ಳಬೇಕು, ಆಮೇಲೆ ಅವಳಿಗಿಂತ ಮೊದಲಿನವಳಿಗೆ ಹೇಳಬೇಕು, ಎಲ್ಲ ಮುಗಿದ ಮೇಲೆ ಅವಳನ್ನು ಕಳಿಸಬೇಕು. ಎರಡು ಸಾಲುಗಳ ಜಾಗ ಅದಲುಬದಲು ಮಾಡಿದರೆ ಆಯಿತು!

ಯಾರೋ ನನ್ನನ್ನು ಪ್ಲಾಟ್‌ಫಾರ್ಮಿಗೆ ತಳ್ಳಿದರು. ಜೊತೆಗಾತಿ ಎದುರಿಗೇ ಇದ್ದಳು. ಬಾಯಿ ತೆರೆದೆ. ಅವಳು ಎರಡೂ ಕಿವಿ ಮುಚ್ಚಿಕೊಂಡು, “ಬ್ಯಾಡ! ಹೇಳಬ್ಯಾಡ! ನನಗೂ ಒಂದು ಹೊಳದದ!” ಎಂದು ಕೂಗುತ್ತ ಬ್ರಿಜ್ಜಿನ ಕಡೆ ಓಡಿದಳು. ನಾನು ಇನ್ನೊಂದು ಬ್ರಿಜ್ಜಿನಿಂದ ಹೋದೆ. ಬಸ್ಸಿನಲ್ಲಿ ರಬಾಳೆಯ ಕಾರ್ಖಾನೆಗಳ ವಾಸನೆ ಬರುವವರೆಗೂ ಆ ಎರಡು ಸಾಲುಗಳನ್ನು ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದೆ. ಪಕ್ಕದಿಂದ ಯಾರೂ ಉಳಿದರ್ಧ ಹೇಳಬೇಕಾಗಿರಲಿಲ್ಲ.

ಮಧ್ಯಾಹ್ನ ಮೊದಲು ಅವಳನ್ನು ಕರೆದರು. ನಾನು ಹೊರಗೆ ಚಪ್ಪಲಿಗಳ ರಾಶಿಯ ಹತ್ತಿರ ನಿಂತೆ. ಗಾಜಿನ ಬಾಗಿಲಿನಾಚೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಒಮ್ಮೆ ಅವಳು ಎರಡೂ ಕೈಯಿಂದ ತಲೆ ಹಿಡಿದುಕೊಂಡಳು. ಅವಳಿಗೆ ಇನ್ನೊಂದು ತಡದ ದಿನ ಇರಲಿಲ್ಲ. ಆಮೇಲೆ ಮೇಡಂ ಬಾಗಿ ಪರದೆ ನೋಡಿದರು, ಏನೋ ಕೇಳಿದರು, ಅವಳು ಕೈ ಆಡಿಸಿ ಉತ್ತರ ಹೇಳಿದಳು. ಅವಳ ಮುಖ ನನಗೆ ಕಾಣದ ಹಾಗೆ ಮೇಡಂ ಅವಳನ್ನು ಒಳಗಿನಿಂದಲೇ ಪಕ್ಕದ ಕೋಣೆಗೆ ಕಳಿಸಿದರು.

ನನ್ನ ಸರದಿ. ಹಳೆಯ ಪ್ರೋಗ್ರಾಮಿಗೆ ಹೊಸದನ್ನು ಸೇರಿಸಿದೆ. ಮೊದಲ ಸಲ ಓಡಲಿಲ್ಲ, ಸೆಮಿಕೋಲನ್ ಬಿಟ್ಟುಹೋಗಿತ್ತು. ಎರಡನೇ ಸಲ ಓಡಿತು. ಪರದೆಯ ಮೇಲೆ ನಾಲ್ಕು ಹೆಸರು ಬಂದವು, ಒಬ್ಬಳನ್ನು ಕಳಿಸಿದೆ, ಮೂರು ಉಳಿದವು. ಸಾಲು ತುಂಡಾಗಿರಲಿಲ್ಲ.

“ಮೊದಲು ಬುಕ್ ಮಾಡಿದವಳೇ ಹೋದರೆ?” ಮೇಡಂ ಕೇಳಿದರು. ಮಾಡಿ ತೋರಿಸಿದೆ. “ಕೊನೆಯವಳು?” ಅದನ್ನೂ.

ಅವರು ಎರಡು ಸಾಲುಗಳ ಮೇಲೆ ಬೆರಳಿಟ್ಟರು. “ಇದು ಮೊದಲು, ಇದು ಆಮೇಲೆ. ಯಾಕೆ? ತಿರುಗಿಸಿ ಬರೆದರೆ ಏನಾಗುತ್ತದೆ?”

ನಾನು ನೀಲಿ ಸೀರೆಯ ಕಥೆಯನ್ನು ಪೂರ್ತಿ ಹೇಳಿದೆ. ಹೇಳುವಾಗ ನನ್ನ ಧ್ವನಿ ಎಷ್ಟು ಜೋರಾಯಿತೆಂದರೆ ಆ ಕಡೆಯ ಹುಡುಗರು ತಿರುಗಿ ನೋಡಿದರು. “ಅವಳು ಹೇಳದೆ ಹೋದಳು ಮೇಡಂ! ಹೇಳಿ ಹೋಗಬೇಕು! ಅದಕ್ಕೇ ಈ ಸಾಲು ಮೊದಲು!”

“ಇದು ಯಾರ ಸಾಲು?”

“ನನ್ನದು,” ಎಂದೆ. ಯೋಚಿಸುವ ಮುಂಚೆಯೇ ಬಾಯಿಂದ ಬಂದಿತ್ತು.

ಮೇಡಂ ಪಕ್ಕದ ಕೋಣೆಯ ಬಾಗಿಲು ತೆಗೆದು ಜೊತೆಗಾತಿಯನ್ನು ಕರೆದರು. ಇಬ್ಬರ ಹೊಸ ಪ್ರಿಂಟುಗಳನ್ನೂ ಒಂದರ ಮೇಲೊಂದು ಇಟ್ಟು ಮತ್ತೆ ಕಿಟಕಿಗೆ ಹಿಡಿದರು. ಈ ಸಲ ಒಂದು ಹಾಳೆಯ ಅಕ್ಷರ ಇನ್ನೊಂದರ ಮೇಲೆ ಹತ್ತಿ ಎಲ್ಲ ಕಲಸುಮೇಲೋಗರ, ಒಂದು ಪದವೂ ಓದಲು ಬರುತ್ತಿರಲಿಲ್ಲ. ಅದಕ್ಕಿಂತ ಚೆಂದದ ಗೀಚನ್ನು ನಾನು ನೋಡಿಲ್ಲ.

“ನೀ ಆಕಿನ್ನ ತಗದೇಬಿಟ್ಟಿ?” ಜೊತೆಗಾತಿ ನನ್ನ ಹಾಳೆಗೆ ಇಣುಕಿ ಕೇಳಿದಳು.

“ಮತ್ತೆ? ನೀನು ಎಂತ ಮಾಡಿದ್ದು?”

“ನಾ ತಗಿಲೇ ಇಲ್ಲ. ಹೋದಾಕಿ ಹೋಗ್ಲಿ, ಆಕಿ ಜಾಗಾ ಇರ್ಲಿ ಅಂದೆ. ಆಕಿ ಮ್ಯಾಲ ‘ಹೋಗ್ಯಾಳ’ ಅಂತ ಒಂದು ಗುರ್ತು ಹಾಕ್ದೆ. ಸೀಟ್ ಕೊಡೋವಾಗ ಆಕಿನ್ನ ದಾಟ್ಕೊಂಡ್ ಹೋಗೂದು.”

“ಹಾಗಾದರೆ ಸಾಲಿನ ತುಂಬ ಹೋದವರೇ ಆಗುತ್ತಾರಲ್ಲ ಮಾರಾಯ್ತಿ! ಬರೀ ಭೂತಗಳು!”

“ಇರ್ಲಿ ಬಿಡು, ದೆವ್ವಕ್ಕ ಸೀಟ್ ಬೇಕಾಗಂಗಿಲ್ಲ.”

ಮೇಡಂಗೆ ಕನ್ನಡ ಬಾರದು. ಆದರೂ ಅವರು ನಮ್ಮನ್ನು ನಿಲ್ಲಿಸಲಿಲ್ಲ. ಇಬ್ಬರ ಹಾಳೆಯ ಮೇಲೂ ಸಹಿ ಹಾಕುತ್ತ, ಯಾರ ವಿಧಾನ ಯಾವಾಗ ಒಳ್ಳೆಯದು ಎಂದು ವಿವರಿಸಿದರು: ಕಂಪ್ಯೂಟರಿನ ನೆನಪಿನಲ್ಲಿ ಜಾಗ ಉಳಿತಾಯ ಆಗಬೇಕಾದರೆ ನನ್ನದು, ಹೋದವಳು ಮತ್ತೆ ಬಂದು ನನ್ನ ನಂಬರ್ ಎಲ್ಲಿ ಎಂದು ಕೇಳುವ ಸಂಭವವಿದ್ದರೆ ಅವಳದು. ಅವರು ಮಾನ್‌ಖುರ್ದಿನಿಂದ ಹಾರ್ಬರ್ ಲೈನಿನ ರೈಲಿನಲ್ಲಿ ಬರುವವರು. “ನಮ್ಮ ಕಡೆ ಎಲ್ಲರೂ ಮತ್ತೆ ಬಂದು ಕೇಳುವವರೇ,” ಎಂದರು. ಇಬ್ಬರ ಹೆಸರಿನ ಮುಂದೆಯೂ ಒಂದೊಂದು ತಡದ ದಿನ ಹೊಡೆದು ಹಾಕಿದರು. ಕಾರಣ ಬರೆಯಲಿಲ್ಲ.

ಮರುದಿನ ಲ್ಯಾಬಿನ ಬಾಗಿಲಿನ ಮೇಲೆ ಅವರ ಕೈಬರಹದಲ್ಲಿ ಹನ್ನೆರಡನೇ ನಿಯಮ ಅಂಟಿತ್ತು: ಚರ್ಚೆ ಮುಗಿದ ಮೇಲೆ ಅರ್ಧ ಗಂಟೆ ಪ್ರೋಗ್ರಾಮಿನ ಮಾತು ಬೇಡ. ಆಮೇಲೆ ಒಬ್ಬರೇ ಕೂತು ಬರೆಯಿರಿ. ಅದು ಯಾರಿಂದಾಗಿ ಬಂತೆಂದು ಕ್ಲಾಸಿಗೆಲ್ಲ ಗೊತ್ತಿತ್ತು. ಹಿಂದಿನ ಬೆಂಚಿನವನು ನಮ್ಮನ್ನು ಕಂಡಾಗಲೆಲ್ಲ ಎದ್ದು ನಿಂತು ಕೈ ಮುಗಿಯುತ್ತಿದ್ದ.

ಆ ನಿಯಮವನ್ನು ನಾವು ನಮ್ಮ ದಾರಿಗೆ ಹೊಂದಿಸಿಕೊಂಡೆವು. ಠಾಣೆಯವರೆಗೆ ಮಾತು, ಬಸ್ಸು ಹತ್ತಿದ ಮೇಲೆ ಮೌನ. ಮುಂದಿನ ಸೋಮವಾರವೇ ಹೊಸ ಲೆಕ್ಕ ಬಂತು. ಕಳವಾ ಸ್ಟೇಷನ್ನಿನವರೆಗೂ ಕೂಗಾಡಿದೆವು, ಯಾವುದೂ ಬಗೆಹರಿಯಲಿಲ್ಲ, ಠಾಣೆ ಬಂದುಬಿಟ್ಟಿತು. ಬಸ್ಸಿನಲ್ಲಿ ಅಕ್ಕಪಕ್ಕವೇ ಕೂತೆವು. ಐರೋಲಿ ದಾಟಿದ ಮೇಲೆ ಅವಳು ನೆಟ್ಟಗೆ ಕೂತು ಕಣ್ಣು ದೊಡ್ಡದು ಮಾಡಿದಳು. ಏನೋ ಹೊಳೆದಿದೆ! ಹೇಳಲಾರಳು. ಓಢಣಿಯ ತುದಿಯನ್ನು ಬಾಯಿಗೆ ತುರುಕಿಕೊಂಡು ನನ್ನನ್ನು ನೋಡಿದಳು. ನನಗಿನ್ನೂ ಹೊಳೆದಿರಲಿಲ್ಲ. ಹೊಟ್ಟೆಕಿಚ್ಚಿನಿಂದ ಕಿಟಕಿಯ ಕಡೆ ತಿರುಗಿ, ತಲೆಯೊಳಗೆ ಒಬ್ಬಳೇ ಮೊದಲ ಸಾಲಿನಿಂದ ಶುರು ಮಾಡಿದೆ.